ಕಣ್ಕಟ್ಟಿನವನ ಕೊನೆಯ ಪ್ರದರ್ಶನ

ಮಾತಿಲ್ಲದ ಒಂದು ಚಲನಚಿತ್ರವನ್ನು ಕುರಿತು, ನೋಟವೇ ಇಲ್ಲದ ಆಕಾಶವಾಣಿಯಲ್ಲಿ ಮಾತನಾಡಲು ಹೊರಟಿದ್ದೇನೆ. ಇದರಲ್ಲಿರುವ ಸೋಜಿಗ ನನಗೂ ಗೊತ್ತು, ಕೇಳುಗರು ಸೈರಿಸಿಕೊಳ್ಳಬೇಕು. ನಾನು ಸಿನಿಮಾ ಬಲ್ಲವನಲ್ಲ. ಮಂಡ್ಯದ ಕಾಲೇಜೊಂದರಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಪಂಪ, ರನ್ನ, ನಾಗಚಂದ್ರರ ನಡುವೆ ಆಯುಷ್ಯ ಕಳೆದವನಿಗೆ ೧೯೨೯ರ ಅಮೆರಿಕದ ಮೂಕಿಚಿತ್ರವೊಂದರ ಗೊಡವೆ ಏಕೆ ಎಂದು ನೀವು ಕೇಳಬಹುದು. ಉತ್ತರ ಹೇಳುವುದಕ್ಕೆ ಮೊದಲು ಮದ್ದೂರಿನ ಒಂದು ಸಂಗತಿಯನ್ನು ಹೇಳಬೇಕು.

ನನ್ನ ಹುಟ್ಟೂರು ಮಳವಳ್ಳಿ ತಾಲ್ಲೂಕಿನಲ್ಲಿ ಹಲಗೂರಿಗೆ ಹತ್ತಿರದ ಒಂದು ಹಳ್ಳಿ. ಪ್ರೌಢಶಾಲೆಯ ಓದಿಗೆ ಮದ್ದೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ೧೯೭೨ರಲ್ಲಿ ಇರಬೇಕು, ನಮ್ಮ ಶಾಲೆಗೆ ಒಬ್ಬ ಜಾದೂಗಾರ ಬಂದ. ತಲೆಗೆ ನಾಲ್ಕಾಣೆಯಂತೆ ನಮ್ಮಿಂದ ವಸೂಲಾಯಿತು. ಕಪ್ಪು ಕೋಟು, ಗರಿ ಸಿಕ್ಕಿಸಿದ ಪೇಟ, ಕಣ್ಣಿಗೆ ಕಾಡಿಗೆ. ಜೊತೆಗೆ ಹದಿನಾರು ಹದಿನೇಳರ ಒಬ್ಬ ಹುಡುಗಿ. ಗಣಿತದ ಮೇಷ್ಟ್ರ ಕೈಗಡಿಯಾರವನ್ನು ಮಾಯ ಮಾಡಿ ಒಂದು ತೆಂಗಿನಕಾಯಿಯೊಳಗಿಂದ ತೆಗೆದುಕೊಟ್ಟ. ಕಟ್ಟಕಡೆಗೆ ಆ ಹುಡುಗಿಯನ್ನು ಮರದ ಪೆಟ್ಟಿಗೆಯೊಳಗೆ ಕೂರಿಸಿ, ಮುಚ್ಚಳ ಹಾಕಿ, ಕತ್ತಿಗಳನ್ನು ಒಂದೊಂದಾಗಿ ಆ ಕಡೆಯಿಂದ ಈ ಕಡೆಗೆ ತೂರಿಸಿದ. ಮುಂದಿನ ಸಾಲಿನಲ್ಲಿದ್ದ ಚಿಕ್ಕ ಮಕ್ಕಳು ಅಳತೊಡಗಿದವು. ಪೆಟ್ಟಿಗೆ ತೆರೆದಾಗ ಹುಡುಗಿ ನಗುತ್ತ ಎದ್ದು ನಿಂತಳು.

ಸಂಜೆ ಬೆಂಗಳೂರಿನಿಂದ ಬರುವ ಅತ್ತೆಯನ್ನು ಕರೆತರಲು ನಾನು ರೈಲು ನಿಲ್ದಾಣಕ್ಕೆ ಹೋದೆ. ಪ್ಲಾಟ್‌ಫಾರಂ ಮೇಲೆ ಅದೇ ಪೆಟ್ಟಿಗೆ, ಅದರ ಮೇಲೆ ಅವರಿಬ್ಬರು. ಕತ್ತಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಒರಗಿಸಿದ್ದರು. ಪೇಟವಿಲ್ಲದ ಆ ಮನುಷ್ಯನ ತಲೆ ಅರ್ಧ ನರೆತಿತ್ತು. ಕಾಗದದಲ್ಲಿ ಕಟ್ಟಿಸಿಕೊಂಡ ಮದ್ದೂರು ವಡೆಯನ್ನು ಬಿಚ್ಚಿ ಅವಳ ಮುಂದೆ ಹಿಡಿದು, ‘ತಿನ್ನು, ಬೆಳಗಿನಿಂದ ಏನೂ ತಿಂದಿಲ್ಲ’ ಎಂದ. ಅವಳು ಮುಖ ತಿರುಗಿಸಿ ರೈಲು ಬರುವ ದಿಕ್ಕನ್ನೇ ನೋಡುತ್ತಿದ್ದಳು. ಅವನು ಮತ್ತೊಮ್ಮೆ ಹೇಳಿದ; ಅವಳು ತಿರುಗಲಿಲ್ಲ. ಅವಳು ಅವನ ಮಗಳೋ, ಹೆಂಡತಿಯೋ, ಎಲ್ಲಿಂದಲೋ ತಂದು ಸಾಕಿದವಳೋ ನನಗೆ ತಿಳಿಯದು. ತೆಂಗಿನಕಾಯಿಯೊಳಗಿಂದ ಗಡಿಯಾರ ತೆಗೆದವನು ಒಂದು ವಡೆಯನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದ ಆ ಭಂಗಿ ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು.

ಕೆಲವು ವರ್ಷಗಳ ಹಿಂದೆ ನನ್ನ ಮಗಳು ಬೆಂಗಳೂರಿನಿಂದ ಬಂದಾಗ ಹಳೆಯ ಚಿತ್ರಗಳ ಡಿಸ್ಕ್ ಒಂದನ್ನು ತಂದಳು. ಪಾಲ್ ಫೇಯೋಶ್ ಎಂಬ ನಿರ್ದೇಶಕನ ‘ಲೋನ್ಸಮ್’ ಚಿತ್ರದೊಂದಿಗೆ ೨೦೧೨ರಲ್ಲಿ ಹೊರಬಂದ ಡಿಸ್ಕ್ ಅದು. ಅದರಲ್ಲಿ ಒಂದು ಗಂಟೆಯಷ್ಟು ಉದ್ದದ ಇನ್ನೊಂದು ಚಿತ್ರವಿತ್ತು. ಹೆಸರು ‘ದಿ ಲಾಸ್ಟ್ ಪರ್ಫಾರ್ಮೆನ್ಸ್’, ಎಂದರೆ ಕೊನೆಯ ಪ್ರದರ್ಶನ. ಅದನ್ನು ನೋಡುತ್ತಿದ್ದಂತೆ ಮದ್ದೂರಿನ ಪ್ಲಾಟ್‌ಫಾರಂ ಕಣ್ಣಮುಂದೆ ಬಂತು. ಅಲ್ಲಿಯೂ ಅದೇ ಪೆಟ್ಟಿಗೆ, ಅವೇ ಕತ್ತಿಗಳು, ಅದೇ ನರೆಗೂದಲಿನ ಮನುಷ್ಯ.

ಫೇಯೋಶ್ ಹಂಗೆರಿಯವನು, ವೈದ್ಯಕೀಯ ಓದಿ, ಅಮೆರಿಕಕ್ಕೆ ವಲಸೆ ಹೋಗಿ ಚಿತ್ರನಿರ್ದೇಶಕನಾದವನು. ಮುಂದೆ ಸಿನಿಮಾವನ್ನೇ ಬಿಟ್ಟು ಮಾನವಶಾಸ್ತ್ರಜ್ಞನಾಗಿ, ೧೯೬೩ರಲ್ಲಿ ತೀರಿಕೊಳ್ಳುವವರೆಗೆ ನ್ಯೂಯಾರ್ಕಿನ ವೆನ್ನರ್-ಗ್ರೆನ್ ಪ್ರತಿಷ್ಠಾನದ ಮುಖ್ಯಸ್ಥನಾಗಿದ್ದ. ಒಂದೇ ಜನ್ಮದಲ್ಲಿ ಮೂರು ಬಾಳು! ಚಿತ್ರವನ್ನು ತಯಾರಿಸಿದ್ದು ಯೂನಿವರ್ಸಲ್ ಸಂಸ್ಥೆ. ೧೯೨೭ರಲ್ಲಿ ‘ದಿ ಜಾಝ್ ಸಿಂಗರ್’ ಬಂದ ಮೇಲೆ ಹಾಲಿವುಡ್ಡಿನಲ್ಲಿ ಮಾತಿನ ಚಿತ್ರದ ಗಾಳಿ ಬೀಸತೊಡಗಿತ್ತು. ಹೀಗಾಗಿ ಈ ಚಿತ್ರಕ್ಕೂ ಒಂದಷ್ಟು ಮಾತಿನ ಭಾಗಗಳನ್ನು ಸೇರಿಸಿದ ಪ್ರತಿಯೊಂದನ್ನು ಬಿಟ್ಟರು. ಆ ಮಾತು ಕಳೆದುಹೋಯಿತು, ಮೌನ ಉಳಿಯಿತು. ಅದೂ ಉಳಿದದ್ದು ಡೆನ್ಮಾರ್ಕಿನಲ್ಲಿ, ಡೇನಿಷ್ ಭಾಷೆಯ ಶೀರ್ಷಿಕೆ ಫಲಕಗಳಿದ್ದ ಪ್ರತಿಯಾಗಿ. ಅಲ್ಲಿ ಅದಕ್ಕೆ ‘ಹನ್ನೆರಡು ಅಲಗುಗಳು’ ಎಂಬರ್ಥದ ಹೆಸರಿಟ್ಟಿದ್ದರು.

ಕಥೆ ದೊಡ್ಡದೇನಲ್ಲ. ಎರಿಕ್ ಎಂಬವನು ಯೂರೋಪಿನ ಹೆಸರಾಂತ ರಂಗಜಾದೂಗಾರ. ಬರಿಯ ಕೈಚಳಕದವನಲ್ಲ, ಕಣ್ಣಿಟ್ಟು ನೋಡಿದರೆ ಎದುರಿನವರನ್ನು ವಶಮಾಡಿಕೊಳ್ಳಬಲ್ಲ ಸಮ್ಮೋಹನ ವಿದ್ಯೆಯೂ ಅವನಿಗೆ ಕರಗತ. ಅವನ ರಂಗಸಹಾಯಕಿ ಜೂಲಿ. ಅವಳಿಗೆ ಹದಿನೆಂಟು ತುಂಬುವ ದಿನಕ್ಕಾಗಿ, ಅಂದು ವಿವಾಹ ನಿಶ್ಚಯವನ್ನು ಸಾರುವುದಕ್ಕಾಗಿ, ಎರಿಕ್ ಕಾಯುತ್ತಿದ್ದಾನೆ. ಅಷ್ಟರಲ್ಲಿ ಮಾರ್ಕ್ ಎಂಬ ಹಸಿದ ಯುವಕನೊಬ್ಬ ಅವನ ಬಿಡಾರಕ್ಕೆ ನುಗ್ಗಿ, ಕದ್ದು ತಿನ್ನುತ್ತಿರುವಾಗ ಸಿಕ್ಕಿಬೀಳುತ್ತಾನೆ. ಜೂಲಿಯ ಕನಿಕರದ ಮಾತಿಗೆ ಕಟ್ಟುಬಿದ್ದು ಎರಿಕ್ ಅವನನ್ನು ಕೆಲಸಕ್ಕಿಟ್ಟುಕೊಳ್ಳುತ್ತಾನೆ. ಮುಂದೇನಾಗುತ್ತದೆಂದು ಹೇಳಬೇಕಾಗಿಲ್ಲ. ಎಳೆಯರಿಬ್ಬರಿಗೂ ಒಲವು ಹುಟ್ಟುತ್ತದೆ. ಬಫೊ ಎಂಬ ಹೊಟ್ಟೆಕಿಚ್ಚಿನ ಸಹಾಯಕನೊಬ್ಬನಿದ್ದಾನೆ; ಹುಟ್ಟುಹಬ್ಬದ ಔತಣದ ದಿನವೇ ಎರಿಕ್ ಕಣ್ಣಾರೆ ಕಾಣುವಂತೆ ಅವನು ಮಾಡುತ್ತಾನೆ.

ಚಿತ್ರದ ಜೀವವಿರುವುದು ಇಲ್ಲಿಂದ ಮುಂದಿನ ಕೆಲವು ನಿಮಿಷಗಳಲ್ಲಿ. ಎರಿಕ್ ಅತಿಥಿಗಳ ನಡುವೆ ಮರಳಿ ಬರುತ್ತಾನೆ. ಸಾರಬೇಕಾದ ಸುದ್ದಿಯನ್ನು ಸಾರುತ್ತಾನೆ. ಆದರೆ ವರನ ಹೆಸರು ಬದಲಾಗಿದೆ. ಜೂಲಿಗೂ ಮಾರ್ಕನಿಗೂ ನಿಶ್ಚಿತಾರ್ಥ ಎಂದು ಘೋಷಿಸಿಬಿಡುತ್ತಾನೆ. ಆ ಪಾತ್ರ ವಹಿಸಿದ ಕಾನ್ರಾಡ್ ವೈಟ್ ಜರ್ಮನಿಯ ನಟ. ೧೯೨೦ರ ‘ಡಾಕ್ಟರ್ ಕಾಲಿಗಾರಿ’ಯಲ್ಲಿ ಸಮ್ಮೋಹನಕ್ಕೆ ಸಿಕ್ಕು ನಿದ್ದೆಯಲ್ಲಿಯೇ ನಡೆಯುವವನ ಪಾತ್ರದಿಂದ ಹೆಸರಾದವನು. ಅಲ್ಲಿ ಸಮ್ಮೋಹನಕ್ಕೆ ಒಳಗಾದವನು ಇಲ್ಲಿ ಸಮ್ಮೋಹನ ಮಾಡುವವನಾಗಿದ್ದಾನೆ. ಆ ಘೋಷಣೆಯ ಗಳಿಗೆಯಲ್ಲಿ ಅವನ ಮುಖ ನಗುತ್ತದೆ, ಕಣ್ಣು ನಗುವುದಿಲ್ಲ. ನಮ್ಮ ಯಕ್ಷಗಾನ, ಮೂಡಲಪಾಯಗಳಲ್ಲಿ ಬಣ್ಣ ಹೇಳುವುದನ್ನು ಈ ನಟ ಬರಿಯ ಕಣ್ಣಿನಿಂದ ಹೇಳುತ್ತಾನೆ. ಮಾತು ಬಂದಿದ್ದರೆ ಈ ಗಳಿಗೆ ಕೆಡುತ್ತಿತ್ತು ಎಂಬುದು ನನ್ನ ನಂಬಿಕೆ.

ಇಷ್ಟಕ್ಕೇ ನಿಂತಿದ್ದರೆ ಅದೊಂದು ತ್ಯಾಗದ ಕಥೆಯಾಗುತ್ತಿತ್ತು. ನಿಲ್ಲುವುದಿಲ್ಲ. ಕೆಲಕಾಲದ ಮೇಲೆ ರಂಗದ ಮೇಲೆ ಪೆಟ್ಟಿಗೆಯ ಆಟ. ಒಳಗೆ ಕುಳಿತವನು ಬಫೊ, ಕತ್ತಿ ತೂರಿಸುವವನು ಮಾರ್ಕ್. ಪೆಟ್ಟಿಗೆ ತೆರೆದಾಗ ಬಫೊ ನಿಜವಾಗಿಯೇ ಸತ್ತಿದ್ದಾನೆ. ಕೊಲೆಯ ಆರೋಪ ಮಾರ್ಕನ ತಲೆಗೆ ಬರುತ್ತದೆ. ಎರಿಕ್ ಒಂದೇ ಕಲ್ಲಿನಿಂದ ಎರಡು ಹಕ್ಕಿಗಳನ್ನು ಹೊಡೆದಿದ್ದಾನೆ: ಕಹಿ ಸತ್ಯವನ್ನು ತೋರಿಸಿದವನೂ ಹೋದ, ಒಲವನ್ನು ಪಡೆದವನೂ ಗಲ್ಲಿನ ದಾರಿ ಹಿಡಿದ. ಆದರೆ ನ್ಯಾಯಾಲಯದಲ್ಲಿ, ಜೂಲಿಯ ಮುಖವನ್ನು ನೋಡುತ್ತ ನೋಡುತ್ತ, ಅವನಿಂದ ತಡೆಯಲಾಗುವುದಿಲ್ಲ. ಕೊಂದವನು ನಾನು ಎಂದು ಒಪ್ಪಿಕೊಂಡು ತನ್ನ ಕೈಯಿಂದಲೇ ಸಾಯುತ್ತಾನೆ. ಹೆಸರಿನ ಕೊನೆಯ ಪ್ರದರ್ಶನ ಅದೇ.

ಕೊರತೆಗಳು ಬೇಕಾದಷ್ಟಿವೆ. ಮಾರ್ಕ್ ಚೆಲುವಾದ ಮರದ ಬೊಂಬೆ. ಬಫೊ ಕಂಪನಿ ನಾಟಕದ ಖಳನಂತೆ ಹುಬ್ಬಿನಿಂದಲೇ ಕೆಟ್ಟವನು. ಜೂಲಿಯಾಗಿರುವ ಮೇರಿ ಫಿಲ್ಬಿನ್, ೧೯೨೫ರ ‘ಫ್ಯಾಂಟಮ್ ಆಫ್ ದಿ ಆಪೆರಾ’ದಲ್ಲಿ ಮುಖವಾಡ ಕಿತ್ತ ನಾಯಕಿ. ಅಲ್ಲಿಯೂ ಅವಳನ್ನು ಒಲಿದು ಸೋತವನ ಹೆಸರು ಎರಿಕ್! ಇಲ್ಲಿ ಆಕೆಗೆ ಹೆದರುವುದು, ಅಳುವುದು ಬಿಟ್ಟು ಹೆಚ್ಚಿನ ಕೆಲಸವಿಲ್ಲ. ಇದು ಮೆಲೊಡ್ರಾಮಾ, ಭಾವವನ್ನು ಕೊಡ ತುಂಬಿ ಸುರಿಯುವ ಜಾತಿಯ ನಾಟಕ. ಅದನ್ನು ಮುಚ್ಚಿಟ್ಟು ಉಪಯೋಗವಿಲ್ಲ.

ಹಾಗಿದ್ದರೂ ನನ್ನನ್ನು ಕಾಡಿದ ಪ್ರಶ್ನೆ ಒಂದಿದೆ. ಎರಿಕ್ ಸಮ್ಮೋಹನ ಬಲ್ಲವನು. ಸಾವಿರ ಜನರ ಸಭೆಯಲ್ಲಿ ಯಾರನ್ನು ಬೇಕಾದರೂ ಕಣ್ಣಿನಿಂದ ಕಟ್ಟಬಲ್ಲವನು. ಜೂಲಿಯನ್ನು ಏಕೆ ಕಟ್ಟಲಿಲ್ಲ? ನಮ್ಮ ಭಾಷೆಯಲ್ಲಿ ‘ಕಣ್ಕಟ್ಟು’ ಎಂಬ ಒಳ್ಳೆಯ ಮಾತಿದೆ. ಅದಕ್ಕೆ ಜೊತೆಯಾಗಿ ‘ಮನಕಟ್ಟು’ ಎಂಬ ಮಾತು ಏಕೆ ಹುಟ್ಟಲಿಲ್ಲವೆಂದು ನಾನು ಯೋಚಿಸಿದ್ದುಂಟು. ವಶವಾದವಳು ತಲೆಯಾಡಿಸಿದರೆ, ಆಡಿದ್ದು ತನ್ನದೇ ಕೈ ಎಂದು ವಿದ್ಯೆ ಬಲ್ಲವನಿಗೆ ಗೊತ್ತಿರುತ್ತದೆ. ಪ್ರೇಕ್ಷಕ ಮೋಸಹೋಗಬಹುದು, ಜಾದೂಗಾರ ತನ್ನ ಆಟಕ್ಕೆ ತಾನೇ ಮೋಸಹೋಗಲಾರ.

ಕನ್ನಡ ಓದಿದವರಿಗೆ ಇಲ್ಲಿ ನಾಗಚಂದ್ರನ ರಾವಣ ನೆನಪಾಗದಿರಲಾರ. ಅಭಿನವ ಪಂಪನ ‘ರಾಮಚಂದ್ರಚರಿತಪುರಾಣ’ದ ರಾವಣ ಹತ್ತು ತಲೆಯ ರಕ್ಕಸನಲ್ಲ, ವಿದ್ಯಾಧರ. ಪದವನ್ನು ಬಿಡಿಸಿ ನೋಡಿ: ವಿದ್ಯೆಯನ್ನು ಧರಿಸಿದವನು. ಜೈನ ಪುರಾಣದ ಅರ್ಥದಲ್ಲಿ ಆ ವಿದ್ಯೆಗಳೆಂದರೆ ರೂಪ ಬದಲಿಸುವ, ಆಕಾಶದಲ್ಲಿ ಸಂಚರಿಸುವ, ಇಲ್ಲದ್ದನ್ನು ಇದೆಯೆನ್ನಿಸುವ ಶಕ್ತಿಗಳು. ಸೀತೆಯನ್ನು ಕಂಡು ಮನಸೋತಾಗ ಅವನು ನೆನೆಯುವುದು ಅವಲೋಕಿನೀ ವಿದ್ಯೆಯನ್ನು. ಅದರ ನೆರವಿನಿಂದಲೇ ಕಪಟ ಸಿಂಹನಾದ ಕೇಳಿಸಿ, ರಾಮ ದೂರ ಸರಿದು, ಸೀತೆ ಲಂಕೆಗೆ ಬರುತ್ತಾಳೆ. ಅಷ್ಟು ದೂರ ವಿದ್ಯೆ ನಡೆಯುತ್ತದೆ. ಆಮೇಲೆ ನಡೆಯುವುದಿಲ್ಲ. ಒಲ್ಲದ ಪರಸ್ತ್ರೀಯನ್ನು ಬಲಾತ್ಕರಿಸೆನೆಂಬ ವ್ರತವೂ ಅವನಿಗಿದೆ. ಸೀತೆ ಒಲ್ಲಳು.

ಸೋಲು ಸಮೀಪಿಸಿದಾಗ ರಾವಣ ಶಾಂತಿನಾಥ ಜಿನಾಲಯದಲ್ಲಿ ಕುಳಿತು, ಯಾರು ಎಷ್ಟು ಕೆಣಕಿದರೂ ಅಲುಗದೆ, ಬಹುರೂಪಿಣೀ ವಿದ್ಯೆಯನ್ನು ಸಾಧಿಸಿಕೊಳ್ಳುತ್ತಾನೆ. ಇನ್ನು ತನ್ನನ್ನು ಎದುರಿಸುವವರಿಲ್ಲ ಎಂಬ ಹೆಮ್ಮೆಯಿಂದ ನೇರವಾಗಿ ಪ್ರಮದವನಕ್ಕೆ ಬಂದು, ನಿನ್ನ ರಾಮ ಇನ್ನುಳಿಯನು ಎಂದು ಸೀತೆಗೆ ಹೇಳುತ್ತಾನೆ. ಆಕೆ ರಾಮನ ಪ್ರಾಣವನ್ನು ಉಳಿಸೆಂದು ಬೇಡಿ ಮೂರ್ಛೆಹೋಗುತ್ತಾಳೆ. ಆ ಮೂರ್ಛೆ ಎಲ್ಲ ವಿದ್ಯೆಗಳ ಗೋಡೆಯನ್ನೂ ಒಡೆದುಹಾಕುತ್ತದೆ. ಒಬ್ಬರನ್ನೊಬ್ಬರು ಒಲಿದವರನ್ನು ಅಗಲಿಸಿದೆನಲ್ಲ ಎಂದು ರಾವಣ ಮರುಗುತ್ತಾನೆ. ಸೀತೆಯನ್ನು ಹಿಂದಿರುಗಿಸಲು ನಿಶ್ಚಯಿಸುತ್ತಾನೆ. ಆದರೆ ಈಗಲೇ ಕೊಟ್ಟರೆ ಅಂಜಿ ಕೊಟ್ಟನೆಂದು ಲೋಕ ಹೇಳೀತು. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು, ಸೆರೆಹಿಡಿದು, ಆಮೇಲೆ ಕೊಡುತ್ತೇನೆ ಎಂದುಕೊಳ್ಳುತ್ತಾನೆ. ಆ ‘ಆಮೇಲೆ’ ಬರುವುದೇ ಇಲ್ಲ.

ಎರಿಕನ ಔತಣದ ಘೋಷಣೆಯನ್ನು ನೋಡುವಾಗ ಈ ‘ಆಮೇಲೆ’ ನನಗೆ ಕೇಳಿಸಿತು. ಕೊಟ್ಟೆನೆಂದು ಸಭೆಯಲ್ಲಿ ಹೇಳಿದ್ದಾನೆ, ಮನಸ್ಸು ಕೊಟ್ಟಿಲ್ಲ. ಬಿಟ್ಟುಕೊಡುವುದರಲ್ಲಿಯೂ ತಾನೇ ಸೂತ್ರಧಾರನಾಗಿರಬೇಕೆಂಬ ಛಲ ಇಬ್ಬರದೂ. ಅಂತರವಿಲ್ಲದಿಲ್ಲ. ರಾವಣನಿಗೆ ಮೊದಲು ಅರಿವು, ಆಮೇಲೆ ಅಭಿಮಾನದ ಯುದ್ಧ. ಎರಿಕನಿಗೆ ಮೊದಲು ಅಭಿಮಾನದ ಕೊಲೆ, ಆಮೇಲೆ ಅರಿವು. ಇವರಲ್ಲಿ ಯಾರು ದೊಡ್ಡವರೆಂದು ಕೇಳಿದರೆ ನನ್ನ ಒಲವು ನಾಗಚಂದ್ರನ ಕಡೆಗೇ. ಹಾಗೆಂದು ಎರಿಕನನ್ನು ತಳ್ಳಿಹಾಕಲಾರೆ. ಅವನು ಬಾಯಿಬಿಟ್ಟು ಒಪ್ಪಿಕೊಂಡ, ರಾವಣ ಒಪ್ಪಿಕೊಂಡದ್ದು ತನ್ನ ಮನಸ್ಸಿನೊಳಗೆ ಮಾತ್ರ.

ನಮ್ಮ ಮೈಸೂರು ಸೀಮೆಯೂ ಆ ಕಾಲದಲ್ಲಿ ಇಂಥದೇ ಒಂದು ಮೂಕಿಚಿತ್ರವನ್ನು ಕಂಡಿತು. ಮೋಹನ್ ಭವನಾನಿ ನಿರ್ದೇಶಿಸಿದ ‘ವಸಂತಸೇನಾ’ ೧೯೩೧ರದು. ಶೂದ್ರಕನ ‘ಮೃಚ್ಛಕಟಿಕ’ವೇ ಅದರ ಕಥೆ. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ನಮ್ಮ ಕೈಲಾಸಂ ಅದರಲ್ಲಿ ಅಭಿನಯಿಸಿದ್ದರು. ಅದೇ ವರ್ಷ ‘ಆಲಂ ಆರಾ’ ಬಂದು ಭಾರತದ ಪರದೆ ಮಾತನಾಡತೊಡಗಿತು. ೧೯೩೪ರಲ್ಲಿ ‘ಸತಿ ಸುಲೋಚನಾ’ ಕನ್ನಡ ಮಾತನಾಡಿತು. ‘ಮೃಚ್ಛಕಟಿಕ’ದ ಶಕಾರನಿಗೂ ಎರಿಕನಿಗೂ ಹೋಲಿಕೆಯಿದೆ. ವಸಂತಸೇನೆ ತನ್ನನ್ನು ಒಲ್ಲಳೆಂದು ಅವಳ ಕತ್ತು ಹಿಸುಕಿ, ಸತ್ತಳೆಂದೇ ತಿಳಿದು, ಆ ಕೊಲೆಯನ್ನು ಚಾರುದತ್ತನ ಮೇಲೆ ಹೊರಿಸಿ ನ್ಯಾಯಾಲಯಕ್ಕೆ ದೂರು ಒಯ್ಯುವವನು ಅವನು. ಅದೇ ಸೂತ್ರ: ಒಲ್ಲದ ಹೆಣ್ಣು, ಒಲಿದ ಎದುರಾಳಿ, ಸುಳ್ಳು ಆರೋಪ. ಶಕಾರ ಮಾತ್ರ ಕೊನೆಯವರೆಗೆ ತನ್ನ ತಪ್ಪನ್ನು ಕಾಣುವುದಿಲ್ಲ. ಬೆದರಿ ಚಾರುದತ್ತನ ಕಾಲು ಹಿಡಿಯುತ್ತಾನೆ, ಅಷ್ಟೇ. ನಮ್ಮ ದೇಶದ ಮೂಕಿಚಿತ್ರಗಳಲ್ಲಿ ಬಹುಪಾಲು ಉಳಿದಿಲ್ಲವೆಂಬುದನ್ನು ನೆನೆದರೆ, ಆ ಡೇನಿಷ್ ಪ್ರತಿಯನ್ನು ಕಾಪಾಡಿದವರ ಮೇಲೆ ಗೌರವ ಹುಟ್ಟುತ್ತದೆ.

ಕಾನ್ರಾಡ್ ವೈಟನ ಕಥೆಗೆ ನಮ್ಮ ಕಡೆಯ ಒಂದು ಎಳೆಯಿದೆ, ಅದನ್ನೂ ಹೇಳಿಬಿಡುತ್ತೇನೆ. ಮಾತಿನ ಚಿತ್ರ ಬಂದದ್ದರಿಂದ ಆತ ಜರ್ಮನಿಗೆ ಮರಳಿದ. ಅಲ್ಲಿ ೧೯೩೩ರಲ್ಲಿ ನಾಜಿಗಳ ಆಳ್ವಿಕೆ ಬಂತು. ಆತನ ಹೆಂಡತಿ ಯೆಹೂದಿ. ದೇಶ ಬಿಟ್ಟು ಇಂಗ್ಲೆಂಡಿಗೆ ಹೋದ. ಅಲ್ಲಿ ತಯಾರಾಗತೊಡಗಿ, ಮಹಾಯುದ್ಧದ ಕಾರಣ ಅಮೆರಿಕದಲ್ಲಿ ಮುಗಿದು ೧೯೪೦ರಲ್ಲಿ ಬಂದ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಆತ ಜಾಫರ್ ಎಂಬ ಮಾಂತ್ರಿಕ. ಮತ್ತೆ ಅದೇ ಕಣ್ಣು, ಅದೇ ಒಲ್ಲದ ರಾಜಕುಮಾರಿ. ಅವಳ ಪ್ರಿಯನನ್ನು ಮಂತ್ರದಿಂದ ಕುರುಡನನ್ನಾಗಿಸುತ್ತಾನೆ, ಅವನ ಗೆಳೆಯನಾದ ಕಳ್ಳಹುಡುಗನನ್ನು ನಾಯಿಯನ್ನಾಗಿಸುತ್ತಾನೆ; ಆದರೂ ರಾಜಕುಮಾರಿಯ ಮುಂದೆ ನಿಂತು, ತನಗೆ ಬೇಕಾದದ್ದು ಮಂತ್ರಬಲದಿಂದ ಸಿಗುವಂಥದಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಕಡೆಗೆ ಹಾರುವ ರತ್ನಗಂಬಳಿಯ ಮೇಲೆ ಬಂದು ಈ ಮಾಂತ್ರಿಕನನ್ನು ಬಾಣದಿಂದ ಉರುಳಿಸುವವನು ಆ ಕಳ್ಳಹುಡುಗ. ಆ ಪಾತ್ರ ವಹಿಸಿದವನು ಸಾಬು: ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದವನು, ಮಾವುತನ ಮಗ, ೧೯೩೭ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆ ಗೊತ್ತಾದವನು. ಕಬಿನಿಯ ಕಡೆಯ ಹುಡುಗ ಬರ್ಲಿನ್ನಿನ ಮಾಂತ್ರಿಕನನ್ನು ಹೊಡೆದುರುಳಿಸಿದ್ದು ನನಗೆ ಮಕ್ಕಳಂತೆ ಸಂತೋಷ ಕೊಡುತ್ತದೆ. ಕಾನ್ರಾಡ್ ವೈಟ್ ೧೯೪೩ರಲ್ಲಿ ತೀರಿಕೊಂಡ. ಸಾಬು ೧೯೬೩ರಲ್ಲಿ, ನಲವತ್ತು ತುಂಬುವ ಮೊದಲೇ ಹೋದ.

ಈಗ ನನ್ನ ಮಾತಿಗೆ ಬರುತ್ತೇನೆ. ಮೇಷ್ಟ್ರೆಂದರೆ ಒಂದು ಬಗೆಯ ಜಾದೂಗಾರನೇ. ನಲವತ್ತು ಐವತ್ತು ಜೊತೆ ಕಣ್ಣುಗಳು ನಮ್ಮ ಮಾತಿಗೆ ಕಟ್ಟುಬೀಳುವ ಗಳಿಗೆಗಳುಂಟು. ಅದರ ಮತ್ತು ಏರದ ಮೇಷ್ಟ್ರನ್ನು ನಾನು ಕಂಡಿಲ್ಲ. ತೊಂಬತ್ತರ ದಶಕದಲ್ಲಿ, ಮಳವಳ್ಳಿ ಕಡೆಯ ಹಳ್ಳಿಯಿಂದ ಬಂದ ಒಬ್ಬ ವಿದ್ಯಾರ್ಥಿನಿ ನನ್ನ ತರಗತಿಯಲ್ಲಿದ್ದಳು. ಹಳಗನ್ನಡದ ಪದ್ಯವನ್ನು ಒಂದೇ ಓದಿಗೆ ಅನ್ವಯ ಮಾಡಿ ಹೇಳುವಷ್ಟು ಜಾಣೆ. ಪ್ರಮದವನದ ಆ ಭಾಗವನ್ನು ಪಾಠ ಮಾಡಿದ ದಿನ, ‘ಸರ್, ಕೊಡುವುದು ನಿಜವಾದರೆ ಅವನು ಯುದ್ಧಕ್ಕೆ ಏಕೆ ಹೋಗಬೇಕು?’ ಎಂದು ಕೇಳಿದವಳು ಆಕೆಯೇ. ಈಕೆ ಮಾನಸಗಂಗೋತ್ರಿಗೆ ಹೋಗಿ ಎಂ.ಎ. ಮಾಡಬೇಕು, ಆಮೇಲೆ ನಾಗಚಂದ್ರನ ಮೇಲೆ ಸಂಶೋಧನೆ ಮಾಡಬೇಕು, ನಾನು ಮಾಡಲಾಗದ ಕೆಲಸವನ್ನು ಮುಗಿಸಬೇಕು ಎಂದು ನಾನೇ ಎಲ್ಲವನ್ನೂ ಗೊತ್ತುಮಾಡಿಕೊಂಡಿದ್ದೆ. ಆಕೆಯನ್ನು ಕೇಳಿರಲಿಲ್ಲ. ಇದು ಪ್ರಣಯದ ಮಾತಲ್ಲ, ಕೇಳುಗರು ಹಾಗೆ ತಿ��ಿಯಬಾರದು. ಆದರೆ ಒಡೆತನದ ಆಸೆಗೆ ಪ್ರಣಯವೇ ಬೇಕೆಂದಿಲ್ಲ.

ಬಿ.ಎ. ಮುಗಿಯುವ ಹೊತ್ತಿಗೆ ಆಕೆ ಮನೆಗೆ ಬಂದು, ಕಾನೂನು ಓದುತ್ತೇನೆ ಸರ್ ಎಂದಳು. ಊರಿನಲ್ಲಿ ಜಮೀನಿನ ವ್ಯಾಜ್ಯವೊಂದರಲ್ಲಿ ತಂದೆ ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದನ್ನು ಕಂಡವಳು. ಬೆಂಗಳೂರಿನ ಧರ್ಮಸಂಸ್ಥೆಯೊಂದು ವಿದ್ಯಾರ್ಥಿವೇತನ ಕೊಡುತ್ತಿತ್ತು. ಅದಕ್ಕೆ ಅಧ್ಯಾಪಕರ ಶಿಫಾರಸು ಪತ್ರ ನೇರವಾಗಿ ಹೋಗಬೇಕಾಗಿತ್ತು. ‘ಒಳ್ಳೆಯದಮ್ಮ, ಕಳಿಸುತ್ತೇನೆ’ ಎಂದೆ. ನಗುತ್ತಲೇ ಹೇಳಿದೆ. ಕಾಫಿ ಕೊಡಿಸಿ ಕಳುಹಿಸಿದೆ. ಪತ್ರವನ್ನೂ ಬರೆದೆ, ಚೆನ್ನಾಗಿಯೇ ಬರೆದೆ.

ಪತ್ರ ಸಕಾಲಕ್ಕೆ ತಲುಪಲಿಲ್ಲ. ಆಕೆ ಕೇಳಲು ಬಂದಾಗ, ಕಚೇರಿಗೆ ಕೊಟ್ಟಿದ್ದೆನಲ್ಲ, ಟಪಾಲಿನಲ್ಲಿ ಎಲ್ಲೋ ಆಗಿರಬೇಕು ಎಂದೆ. ಕಚೇರಿಯಲ್ಲಿ ಟಪಾಲು ನೋಡುತ್ತಿದ್ದ ಹಿರಿಯ ಜವಾನರನ್ನು ಕರೆಸಿದರು. ಅಂಥ ಲಕೋಟೆ ತನ್ನ ಕೈಗೆ ಬಂದೇ ಇಲ್ಲವೆಂದು ಅವರು ಮದ್ದೂರಿನ ನರಸಿಂಹಸ್ವಾಮಿಯ ಮೇಲೆ ಆಣೆಯಿಟ್ಟರು. ನಿವೃತ್ತಿಗೆ ವರ್ಷವೂ ಉಳಿದಿರದ ಅವರು ಎಲ್ಲರೆದುರು ಬೈಸಿಕೊಂಡರು. ನಾನು ಅಲ್ಲಿಯೇ ನಿಂತಿದ್ದೆ. ಆ ವರ್ಷ ಆಕೆಗೆ ವ್ಯರ್ಥವಾಯಿತು. ಮರುವರ್ಷ ತಂದೆ ಕಬ್ಬಿನ ಹಣದಲ್ಲಿ ಕಾಲೇಜಿಗೆ ಸೇರಿಸಿದರು.

ಆಕೆ ಈಗ ಮಳವಳ್ಳಿಯಲ್ಲಿ ವಕೀಲರು. ೨೦೧೮ರಲ್ಲಿ ನನ್ನ ಬೀಳ್ಕೊಡುಗೆಯ ಸಮಾರಂಭಕ್ಕೆ ಬಂದು, ರಾವಣನ ಪಾಠವನ್ನು ನೆನೆದು ನಾಲ್ಕು ಮಾತು ಆಡಿದರು. ಹಾರ ಹಾಕಿಸಿಕೊಂಡು ಕುಳಿತಿದ್ದ ನಾನು ತಲೆಯೆತ್ತಲಿಲ್ಲ. ಅಂದೇ ಹೇಳಬಹುದಾಗಿತ್ತು; ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಜವಾನರು ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಎರಿಕ್ ಕಟಕಟೆಯ ಕಡೆಗೆ ತಿರುಗುವ ದೃಶ್ಯವನ್ನು ಮೊದಲ ಸಲ ನೋಡಿದಾಗ ನಾನು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿಬಿಟ್ಟೆ. ಮಗಳು ಏಕೆಂದು ಕೇಳಿದಳು. ಕಣ್ಣು ನೋಯುತ್ತಿದೆ ಎಂದೆ.

ಈ ಭಾಷಣ ಮಳವಳ್ಳಿಯಲ್ಲಿಯೂ ಕೇಳಿಸುತ್ತದೆ. ಈ ಹೊತ್ತಿನಲ್ಲಿ ಆಕೆ ರೇಡಿಯೊ ಹಾಕಿರುತ್ತಾರೋ ಇಲ್ಲವೋ ನಾನರಿಯೆ. ಹಾಕಿದ್ದರೆ ಈ ಮಾತು ಅವರಿಗೆ, ಮತ್ತು ಆ ಜವಾನರ ಮನೆಯವರಿಗೆ. ಲಕೋಟೆ ಟಪಾಲಿಗೆ ಹೋಗಲೇ ಇಲ್ಲಮ್ಮ. ಕಡೆಯ ದಿನ ಕಳೆಯುವವರೆಗೂ ಅದು ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿತ್ತು. ಬೀಗ ಹಾಕಿದವನು ನಾನು. ಅವರು ಇಟ್ಟ ಆಣೆ ನಿಜವಾಗಿತ್ತು.